ಕಟ್ಟಿದ ಸಾಲಕ್ಕೆ ಮತ್ತೆ ನೋಟಿಸ್ ಬಂದರೆ

ಪತ್ತಿನ ಸಹಕಾರ ಸಂಘದ ಸಾಲವನ್ನು ಕಂತು ಕಂತಾಗಿ ತೀರಿಸಿದ್ದೀರಿ. ಆದರೂ ಅಸಲು, ಸುಸ್ತಿ ಬಡ್ಡಿ ಬಾಕಿಯಿದೆಯೆಂದು ನೋಟಿಸ್ ಬಂದಿದೆ. ಕೌಂಟರ್ ಮುಂದೆ ಎಷ್ಟು ವಾದಿಸಿದರೂ ಅದು ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ. ಸಾಲ ಕೊಟ್ಟಿದ್ದನ್ನು ಸಂಘ ಸಾಬೀತುಪಡಿಸಬೇಕು, ತೀರಿಸಿದ್ದನ್ನು ನೀವು ಸಾಬೀತುಪಡಿಸಬೇಕು. ಅದಕ್ಕೆ ಬೇಕಾದ ದೊಡ್ಡ ಸಾಕ್ಷ್ಯ ಸಂಘದ ಪುಸ್ತಕಗಳಲ್ಲೇ ಇರುತ್ತದೆ.

ಮೊದಲು ಕಾರ್ಯದರ್ಶಿಗೆ ಅರ್ಜಿ ಬರೆದು, ಸಾಲ ಪಡೆದ ದಿನದಿಂದ ಈವರೆಗಿನ ಖಾತೆ ಉತಾರೆ (ಲೆಕ್ಕದ ಪುಸ್ತಕದ ನಕಲು) ಕೇಳಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ‘ಸುಮ್ಮನೆ ಒಂದು ಸಹಿ’ ಎಂದು ಬಾಕಿ ಒಪ್ಪಿಗೆ ಪತ್ರ ಮುಂದಿಟ್ಟರೆ ದಯವಿಟ್ಟು ಸಹಿ ಹಾಕಬೇಡಿ. ಸಾಲ ವಸೂಲಿಗೆ ದಾವೆ ಹೂಡುವ ಕಾಲಮಿತಿ ಮುಗಿಯುವ ಮೊದಲು ಹಾಕಿದ ಅಂಥ ಸಹಿಯಿಂದ, 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಅವಧಿ ಹೊಸದಾಗಿ ಆರಂಭವಾಗುತ್ತದೆ.

ಉತಾರೆ ಬಂದ ಮೇಲೆ ನಿಮ್ಮ ರಸೀದಿ, ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೊಂದಿಗೆ ಸಾಲು ಸಾಲಾಗಿ ತಾಳೆ ನೋಡಿ. ಇಲ್ಲಿ ಅವಸರ ಬೇಡ. ದಿನಾಂಕ, ರಸೀದಿ ಸಂಖ್ಯೆ, ಮೊತ್ತ, ಯಾವ ಖಾತೆಗೆ ಜಮಾ ಎಂಬ ನಾಲ್ಕು ಅಂಕಣ ಹಾಕಿದರೆ ತಪ್ಪು ತಾನಾಗಿ ಕಾಣುತ್ತದೆ. ಕೆಲವೊಮ್ಮೆ ಹಣ ಜಮಾ ಆಗಿರುತ್ತದೆ, ಆದರೆ ನಿಮ್ಮ ಇನ್ನೊಂದು ಸಾಲಕ್ಕೋ ಪಿಗ್ಮಿ ಖಾತೆಗೋ ಹೋಗಿರುತ್ತದೆ. ಯಾವ ಸಾಲಕ್ಕೆಂದು ಹೇಳಿ ಕಟ್ಟಿದ್ದರೆ, ಸ್ವೀಕರಿಸಿದ ಹಣವನ್ನು ಅದಕ್ಕೇ ಜಮಾ ಮಾಡಬೇಕೆಂದು 1872ರ ಕರಾರು ಕಾಯ್ದೆಯ 59ನೇ ಕಲಂ ಹೇಳುತ್ತದೆ. ಆದ್ದರಿಂದ ಚಲನ್ನಿನಲ್ಲಿ ಸಾಲದ ಸಂಖ್ಯೆ ಬರೆದಿರುವುದು ಬಹಳ ಮುಖ್ಯ.

ಯಂತ್ರದಿಂದ ಬರುವ ನುಣುಪು ಕಾಗದದ ರಸೀದಿಯ ಅಕ್ಷರ ಮಾಸುತ್ತದೆ. ಇಂದೇ ಜೆರಾಕ್ಸ್ ಮಾಡಿಸಿ, ಮೂಲವನ್ನೂ ಎಸೆಯಬೇಡಿ. ಯುಪಿಐ ಮೂಲಕ ಕಟ್ಟಿದ್ದರೆ ಮೊಬೈಲಿನ ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚಿಕೊಳ್ಳದೆ ಬ್ಯಾಂಕಿನಿಂದ ದೃಢೀಕೃತ ಸ್ಟೇಟ್‌ಮೆಂಟ್ ಪಡೆಯಿರಿ. ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅದೇ ಕಾಯ್ದೆಯ 28ನೇ ಕಲಂ ಸಾಲಗಾರರಿಗೆ ಆಸರೆ: ಲೆಕ್ಕದ ಪುಸ್ತಕದ ನಮೂದು ಒಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು.

ರಸೀದಿ ಕಳೆದುಹೋಗಿದ್ದರೆ? ಕಟ್ಟಿದ ದಿನ ಗೊತ್ತಿದ್ದರೆ ಆ ದಿನದ ಕಿರ್ದಿ (ದಿನದ ಜಮಾ-ಖರ್ಚು ಪುಸ್ತಕ) ಮತ್ತು ರಸೀದಿ ಪುಸ್ತಕದ ಅಡಿಪ್ರತಿ ಹಾಜರುಪಡಿಸುವಂತೆ ವಿಚಾರಣೆಯಲ್ಲಿ ಕೇಳಬಹುದು. ಸಹಕಾರ ಇಲಾಖೆಯ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕುವುದೂ ಒಂದು ದಾರಿ. ಸಹಕಾರ ಸಂಘಗಳ ನಿಬಂಧಕರು (ರಿಜಿಸ್ಟ್ರಾರ್) ಕಾನೂನಿನಡಿ ಸಂಘದಿಂದ ಪಡೆಯಬಹುದಾದ ಮಾಹಿತಿ ಅವರ ಮೂಲಕ ನಾಗರಿಕರಿಗೂ ಸಿಗಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ, ಕೇರಳದ ಸಹಕಾರಿ ಬ್ಯಾಂಕ್ ಒಂದರ ಪ್ರಕರಣದಲ್ಲಿ, ಹೇಳಿದೆ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರಡಿ ನೋಂದಣಿಯಾದ ಸಂಘವಾದರೆ, ಈ ವ್ಯಾಜ್ಯ ಸಿವಿಲ್ ನ್ಯಾಯಾಲಯಕ್ಕಲ್ಲ, 70ನೇ ಕಲಮಿನಡಿ ನಿಬಂಧಕರ ಮುಂದೆ ಹೋಗುತ್ತದೆ. ಸಂಘ ದಾವೆ ಹೂಡಲಿ ಎಂದು ಕಾಯಬೇಕಿಲ್ಲ, ಸದಸ್ಯರೂ ಹೂಡಬಹುದು. ಸಮನ್ಸ್ ಬಂದಾಗ ಗೈರುಹಾಜರಾಗುವುದೇ ದೊಡ್ಡ ಅನಾಹುತ. ಏಕಪಕ್ಷೀಯ ತೀರ್ಪಾದರೆ ಜಪ್ತಿಯವರೆಗೂ ಹೋಗುತ್ತದೆ, ಜಾಮೀನುದಾರರೂ ಸಿಲುಕುತ್ತಾರೆ. ತೀರ್ಪು ವಿರುದ್ಧವಾದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬೇಕು.

ನಿಮ್ಮ ಪರವಾದರೆ ಬೇಬಾಕಿ ಪತ್ರ (ಸಾಲ ಬಾಕಿಯಿಲ್ಲವೆಂಬ ಪತ್ರ), ಭದ್ರತೆಗೆ ಕೊಟ್ಟ ಖಾಲಿ ಚೆಕ್ಕುಗಳು, ಅಡವಿಟ್ಟ ಕಾಗದಗಳು, ಎಲ್ಲವನ್ನೂ ಪಟ್ಟಿ ಮಾಡಿ ಹಿಂಪಡೆಯಿರಿ. ಜಮೀನಿನ ಮೇಲೆ ಸಾಲ ಪಡೆದಿದ್ದರೆ ಪಹಣಿಯ 11ನೇ ಕಾಲಂನಲ್ಲಿರುವ ಋಣದ ನಮೂದನ್ನು ತೆಗೆಸಿ, ಹೊಸ ಪಹಣಿ ಪಡೆದು ನೋಡಿಕೊಳ್ಳಿ.