ನೆಲದ ಬಿಸಿ ಗೋಡೆಗೆ: ಕೊನೆಗೂ ಲೆಕ್ಕ ಕೂಡಿತು

ಹೀಟ್ ಪಂಪ್ (ತಂಪು ಕಡೆಯ ಬಿಸಿಯನ್ನು ಎತ್ತಿ ಹೆಚ್ಚು ಬೆಚ್ಚಗೆ ಮಾಡುವ ಯಂತ್ರ) ಇಲ್ಲದೆ, ನೆಲದಡಿ ಹೂತ ಪೈಪಿನಲ್ಲಿ ಸುತ್ತಿ ಬರುವ 7 ಡಿಗ್ರಿಯ ನೀರನ್ನು ಗೋಡೆಯಲ್ಲಿ ಹರಿಸಿದರೆ ಮನೆ ಬೆಚ್ಚಗಾಗುತ್ತಾ ಅಂತ ನಕ್ಕವರೇ ಜಾಸ್ತಿ. ಬೆಚ್ಚಗಾಗುವುದಿಲ್ಲ, ನಿಜ. ಆದರೆ ಒಳಗಿನ ಬಿಸಿ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ನನಗೆ ಬೇಕಿದ್ದದ್ದೂ ಅಷ್ಟೇ.

ಮೊದಲು ಪೈಪನ್ನು ಇಟ್ಟಿಗೆಗೇ ಕೂರಿಸಿ, ಅದರ ಹೊರಗೆ 6 ಸೆಂ.ಮೀ. ಥರ್ಮೋಕೋಲ್ ಹಾಕಿದೆ. ಹೊರಗೆ ಮೈನಸ್ 10 ಇದ್ದಾಗಲೂ ಆ ಜಾಗ ತಾನಾಗಿಯೇ 13-14 ಡಿಗ್ರಿ ಇರುತ್ತದೆ. ಅಲ್ಲಿಗೆ 7 ಡಿಗ್ರಿಯ ನೀರು ಬಿಟ್ಟರೆ ಇನ್ನೇನಾಗುತ್ತದೆ? ಕೋಣೆಯ ಬಿಸಿ ನೆಲಕ್ಕೆ ಹೋಯಿತು! ಎಲ್ಲ ಕಿತ್ತೆ. ಮೊದಲು 3 ಸೆಂ.ಮೀ. ಥರ್ಮೋಕೋಲ್ ಹಾಳೆ, ಆಮೇಲೆ ಪೈಪ್, ಮೇಲೆ ಮತ್ತೆ 3 ಸೆಂ.ಮೀ. ಈಗ ನಡುವಿನ ಪದರ ಸುಮಾರು 2 ಡಿಗ್ರಿ. ನೀರು ಅದಕ್ಕಿಂತ ಬೆಚ್ಚಗೆ. ಕಡು ಚಳಿಯಲ್ಲಿ ಗೋಡೆಯಿಂದಾಗುವ ಬಿಸಿಯ ನಷ್ಟ ಕಾಲುಭಾಗದಷ್ಟು ಇಳಿಯಿತು.

ಇನ್ನೊಂದು 3 ಸೆಂ.ಮೀ. ಥರ್ಮೋಕೋಲ್ ಹಾಕಿದ್ದರೂ ಇಷ್ಟೇ ಉಳಿಯುತ್ತಿತ್ತು ಅಲ್ವಾ ಅಂತ ಕೇಳುತ್ತೀರಿ. ಹೌದು. ಆದರೆ ಸೂರಿನ ಅಂಚು, ಕಿಟಕಿ ಚೌಕಟ್ಟು ನನಗೆ ಅಷ್ಟು ದಪ್ಪ ಬಿಡಲಿಲ್ಲ. ಜಾಗ ಇದ್ದವರು ಸುಮ್ನೆ ಪೈಪಿನ ಗೊಡವೆಗೆ ಹೋಗಬೇಡಿ.

ದುಡ್ಡು ನುಂಗಿದ್ದು ನೆಲದ ಪೈಪಿಗಾಗಿ ಮಾಡಿಸಿದ ಅಗೆತ. ಒಟ್ಟು ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಯಿತು. ಒಂದೂವರೆ ಮೀಟರ್ ಆಳ ಸರಿಯಿತ್ತು. ಆದರೆ ಒಂದಡಿ ಅಂತರದಲ್ಲಿ ಎಳೆದ ಪೈಪುಗಳು ಒಂದರ ಬಿಸಿ ಇನ್ನೊಂದು ಕಸಿದುಕೊಂಡವು. ಚಳಿಗಾಲ ಅರ್ಧ ಮುಗಿಯುವಷ್ಟರಲ್ಲಿ ನೀರು 3 ಡಿಗ್ರಿಗೆ ಇಳಿದಿತ್ತು. ಮತ್ತೆ ಅಗೆಸಿ ಒಂದು ಮೀಟರ್ ಅಂತರ ಕೊಟ್ಟೆ.

ಆಮೇಲೆ ಪಂಪು. ನಲವತ್ತು ಚದರ ಮೀಟರ್ ಗೋಡೆಯಲ್ಲಿ ಉಳಿಯುವುದು ಹೆಚ್ಚೆಂದರೆ 140 ವ್ಯಾಟ್. ಕೈಯಲ್ಲಿದ್ದ ಹಳೆ ಪಂಪು 65 ವ್ಯಾಟ್ ತಿನ್ನುತ್ತಿತ್ತು. ಉಳಿತಾಯದ ಅರ್ಧ ಅಲ್ಲೇ ಖಲಾಸ್! ಈಗಿನದು 15 ವ್ಯಾಟ್ ಇರಬೇಕು. ಅದೂ ಇಡೀ ದಿನ ಓಡುವುದಿಲ್ಲ. ಪದರಕ್ಕಿಂತ ನೀರು ಬೆಚ್ಚಗಿದ್ದರೆ ಮಾತ್ರ ಚಾಲೂ. ಹೊರಗೆ ಸೊನ್ನೆ ಇದ್ದರೆ ನಡುವಿನ ಪದರವೇ 8 ಡಿಗ್ರಿ, ಆಗ ಪಂಪು ಬಂದ್ ಇರಲೇಬೇಕು. ಪದರದ ಬಿಸಿ ಅಳೆಯುವ ಸೆನ್ಸರ್ ಎಲ್ಲಿ ಕೂರಿಸಿದ್ದೇನೆ ಅನ್ನುವುದರಲ್ಲೇ ಅರ್ಧ ಗೆಲುವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಹಾಗೇ, ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ) ತುಂಬುವಾಗ ಗಾಳಿ ಸಿಕ್ಕಿಕೊಳ್ಳದಂತೆ ನಾನು ಮಾಡುವ ಉಪಾಯವೂ ನನ್ನ ಹತ್ತಿರವೇ ಇರಲಿ.

ಬೇಸಿಗೆಯಲ್ಲೂ ಓಡಿಸಿ ನೋಡಿದೆ. ಕೋಣೆ ಸ್ವಲ್ಪ ತಂಪಾಯಿತು, ಗೋಡೆಯ ಬಿಸಿ ನೆಲಕ್ಕೂ ಸೇರಿತು. ಅದು ಮುಂದಿನ ಚಳಿಗಾಲದವರೆಗೆ ಎಷ್ಟು ಉಳಿಯುತ್ತದೋ ಇನ್ನೂ ಅಳೆಯುತ್ತಿದ್ದೇನೆ. ಆದರೆ ಸೆಕೆಯ ದಿನ ಪೈಪುಗಳೆಲ್ಲ ಕೂಡುವ ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತದೆ. ಅಲ್ಲಿ ಫೋಮ್ ಸುತ್ತದೆ ಬೇಸಿಗೆಗೆ ಕೈ ಹಾಕಬೇಡಿ.