ತುಕ್ಕು ಹಿಡಿದ ಹಳೆಯ ಮಸಲ್ ಕಾರು: ಕೊಳ್ಳುವ ಮುನ್ನ ಎಲ್ಲೆಲ್ಲಿ ನೋಡಬೇಕು?

ಕಳೆದ ಮಾರ್ಚ್‌ನಲ್ಲಿ ಅಮೆರಿಕದ ಓಹಿಯೋ ರಾಜ್ಯದ ಒಂದು ತೋಟದ ಮನೆಗೆ 1966ರ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ನೋಡಲು ಹೋಗಿದ್ದೆವು. ಕೊಳ್ಳಬೇಕೆಂದಿದ್ದವನು ನನ್ನ ಸ್ನೇಹಿತರ ಮಗ. ಮಿಷಿಗನ್‌ನಲ್ಲೇ ಹುಟ್ಟಿ ಬೆಳೆದ ಹುಡುಗ. ಮನೆಯಲ್ಲಿ ಮಾತ್ರ ಅಚ್ಚ ಕನ್ನಡ. ಕೊಟ್ಟಿಗೆಯ ಬಾಗಿಲು ತೆರೆಯುತ್ತಲೇ ಕೆಂಪು ಬಣ್ಣ ಹೊಳೆಯಿತು. “ಅಂಕಲ್, ತುಕ್ಕು ಇರುವುದು ಬಾಗಿಲ ಕೆಳಗೆ ಅಂಗೈ ಅಗಲ ಮಾತ್ರ. ಎಂಜಿನ್ ಕೂಡ ಸ್ಟಾರ್ಟ್ ಆಗುತ್ತದಂತೆ” ಎಂದ. ಅವನ ಮನಸ್ಸು ಆಗಲೇ ಮುಂಗಡ ಕೊಟ್ಟಾಗಿತ್ತು.

ನಾನು ಮಾರುವವರ ಒಪ್ಪಿಗೆ ಕೇಳಿ, ಎರಡು ಲೀಟರ್ ನೀರಿನ ಬಾಟಲಿಯನ್ನು ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಹತ್ತಿರ ಗಾಳಿ ಒಳಹೋಗಲೆಂದು ಬಿಟ್ಟಿರುವ ಸೀಳುಗಳಿಗೆ ನಿಧಾನವಾಗಿ ಸುರಿಯತೊಡಗಿದೆ. ಹುಡುಗ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಟಾರ್ಚ್ ಹಿಡಿದಿದ್ದ. ಅರ್ಧ ಬಾಟಲಿ ಮುಗಿಯುವ ಮೊದಲೇ ಕಾಲಿಡುವ ಜಾಗದ ಕಾರ್ಪೆಟ್ ಮೇಲೆ ಟಪ್ ಟಪ್ ಎಂದು ಹನಿ ಬಿದ್ದವು. ಕಾಫಿ ಡಿಕಾಕ್ಷನ್ ಬಣ್ಣದ ಹನಿಗಳು. ಮಾರುತ್ತಿದ್ದ ಹಿರಿಯರು ನಮ್ಮಷ್ಟೇ ಬೇಸರದಿಂದ ನೋಡಿದರು. ಅವರಿಗೂ ಅದು ಗೊತ್ತಿರಲಿಲ್ಲ.

ಹಳೆಯ ಕಾರಿನಲ್ಲಿ ತುಕ್ಕು ಎಷ್ಟಿದೆ ಎಂದು ಕೇಳುವ ಮೊದಲು ಎಲ್ಲಿದೆ ಎಂದು ಕೇಳಬೇಕು. ಬಾಗಿಲ ಕೆಳಗಿನ ಅಂಗೈ ಅಗಲದ ತೂತು ಒಂದು ವಾರಾಂತ್ಯದ ಕೆಲಸ. ಗಾಜಿನ ಬುಡದೊಳಗಿನ ತುಕ್ಕು ತಿಂಗಳುಗಳ ಕೆಲಸ. ಹೊರಗಿನಿಂದ ಕಾಣುವುದು ಮೊದಲನೆಯದು ಮಾತ್ರ.

ಮಸಲ್ ಕಾರು ಎಂದರೆ ಮಧ್ಯಮ ಗಾತ್ರದ, ಹೆಚ್ಚು ದುಬಾರಿಯಲ್ಲದ ಕಾರಿಗೆ ದೊಡ್ಡ ವಿ-8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿದ ಅಮೆರಿಕದ ಕಾರು. 1964ರಲ್ಲಿ ಪಾಂಟಿಯಾಕ್ ಕಂಪನಿ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಇಟ್ಟು ಜಿಟಿಒ ಎಂಬ ಕಾರು ತಂದಾಗ ಈ ಅಲೆ ಎದ್ದಿತು. ವಿಮೆಯ ಕಂತು, ಹೊಗೆಯ ನಿಯಮಗಳು, ಕೊನೆಗೆ 1973ರ ತೈಲ ಬಿಕ್ಕಟ್ಟು ಅದನ್ನು ಇಳಿಸಿದವು. ಕಟ್ಟುನಿಟ್ಟಿನವರು ಮಸ್ಟಾಂಗನ್ನು ‘ಪೋನಿ ಕಾರು’, ಅಂದರೆ ಇನ್ನೂ ಚಿಕ್ಕ ಸೊಗಸಿನ ಕಾರು, ಎಂದು ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರೆ. ತುಕ್ಕಿಗೆ ಆ ಭೇದವಿಲ್ಲವಾದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೇ ನೋಡೋಣ. ಡೆಟ್ರಾಯಿಟ್ ಸುತ್ತಮುತ್ತ ವಾಹನ ಉದ್ಯಮದಲ್ಲಿರುವ ಕನ್ನಡಿಗರು ಕಡಿಮೆಯೇನಲ್ಲ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಈ ಕಾರುಗಳ ಮೆರವಣಿಗೆ ನೋಡಿ ಬಂದವರಲ್ಲಿ ಪ್ರತಿವರ್ಷ ಒಬ್ಬಿಬ್ಬರಿಗಾದರೂ ‘ನಾನೂ ಒಂದನ್ನು ಎಬ್ಬಿಸಿ ನಿಲ್ಲಿಸಬೇಕು’ ಎಂಬ ಆಸೆ ಹುಟ್ಟುತ್ತದೆ. ಈ ಲೇಖನ ಅವರಿಗಾಗಿ.

ಮನೆ ಬಿಡುವ ಮೊದಲು

ಕಾರು ಇಷ್ಟು ವರ್ಷ ಎಲ್ಲಿ ಬಾಳಿತು ಎಂದು ಮೊದಲು ಫೋನಿನಲ್ಲೇ ಕೇಳಿ. ಮಿಷಿಗನ್, ಓಹಿಯೋ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ಕಾರು ಕಟ್ಟಿದ ಊರಿನ ನೆಲದಲ್ಲೇ ಕಾರನ್ನು ತಿನ್ನುವ ಉಪ್ಪೂ ಇದೆ. ಅರಿಜೋನಾ, ನ್ಯೂ ಮೆಕ್ಸಿಕೋದಂಥ ಒಣ ನೆಲದ ಕಾರಿನಲ್ಲಿ ಬಣ್ಣ ಸುಟ್ಟಿರುತ್ತದೆ, ಸೀಟು ಬಿರಿದಿರುತ್ತದೆ, ತಗಡು ಮಾತ್ರ ಗಟ್ಟಿಯಾಗಿರುತ್ತದೆ. ಅಲ್ಲಿಂದ ಟ್ರಕ್ಕಿನಲ್ಲಿ ತರಿಸುವ ಖರ್ಚು ಬೆಸುಗೆಯ ಖರ್ಚಿನ ಮುಂದೆ ಏನೂ ಅಲ್ಲ.

ಆಮೇಲೆ ಚಾಸಿ ನಂಬರಿನ ಫೋಟೊ ತರಿಸಿಕೊಳ್ಳಿ. 1966ರ ಮಸ್ಟಾಂಗಿನಲ್ಲಿ ಅದು ‘6ಎಫ್07ಸಿ’ ಎಂದು ಶುರುವಾಗಿದ್ದರೆ, 6 ಎಂದರೆ ವರ್ಷ, ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ, 07 ಎಂದರೆ ಎರಡು ಬಾಗಿಲಿನ ಸಾದಾ ಕೂಪೆ. 08 ಇದ್ದರೆ ತೆರೆದ ಚಾವಣಿ, 09 ಇದ್ದರೆ ಇಳಿಜಾರು ಬೆನ್ನಿನ ಫಾಸ್ಟ್‌ಬ್ಯಾಕ್. ಐದನೆಯ ಅಕ್ಷರ ಎಂಜಿನ್ನಿನದು: ‘ಟಿ’ ಆರು ಸಿಲಿಂಡರ್, ‘ಸಿ’ 289 ಘನ ಅಂಗುಲದ ಸಾಮಾನ್ಯ ವಿ-8, ‘ಕೆ’ 271 ಅಶ್ವಶಕ್ತಿಯ ವಿಶೇಷ 289. ಆ ವರ್ಷ ಆರು ಲಕ್ಷಕ್ಕೂ ಹೆಚ್ಚು ಮಸ್ಟಾಂಗ್ ತಯಾರಾದವು. ‘ಕೆ’ ಅಕ್ಷರದವು ಬಹಳ ಕಡಿಮೆ. ಆ ಒಂದು ಅಕ್ಷರ ಇಡೀ ಲೆಕ್ಕವನ್ನೇ ಬದಲಿಸುತ್ತದೆ.

ನಂಬರ್ ಒಂದು ಹೇಳಿ ಕಾರು ಇನ್ನೊಂದು ಹೇಳುವುದುಂಟು. ಆರು ಸಿಲಿಂಡರಿನ ಮಸ್ಟಾಂಗ್‌ಗೆ ಕಾರ್ಖಾನೆಯವರು ಚಕ್ರಕ್ಕೆ ನಾಲ್ಕು ನಟ್ ಕೊಟ್ಟಿದ್ದರು, ವಿ-8ಗೆ ಐದು. ‘ಹುಟ್ಟಿನಿಂದಲೇ ವಿ-8’ ಎಂದು ಹೇಳುವ ಕಾರಿನ ಚಕ್ರದಲ್ಲಿ ನಾಲ್ಕೇ ನಟ್ ಕಂಡರೆ, ಎಂಜಿನ್ ನಡುವೆ ಬಂದು ಸೇರಿದ್ದು.

ಎಲ್ಲ ಕಾರುಗಳ ನಂಬರೂ ಇಷ್ಟು ಹೇಳುವುದಿಲ್ಲ. 1964 ಮತ್ತು 1965ರಲ್ಲಿ ಜಿಟಿಒ ಎಂಬುದು ಪಾಂಟಿಯಾಕ್‌ನದೇ ಲೆಮಾನ್ಸ್ ಕಾರಿನ ಮೇಲೆ ಕೊಳ್ಳಬಹುದಾದ ಒಂದು ಹೆಚ್ಚುವರಿ ಸೌಲಭ್ಯವಾಗಿತ್ತು. ನಂಬರಿನಲ್ಲಿ ಅದರ ಸುಳಿವಿಲ್ಲ. 1966ರಿಂದ ಅದು ಬೇರೆಯೇ ಮಾದರಿಯಾಗಿ ನಂಬರ್ 242ರಿಂದ ಆರಂಭವಾಯಿತು. ಷೆವರ್ಲೆ ಕಂಪನಿಯ ಷೆವೆಲ್ ಕಾರಿನಲ್ಲಿ ಇದು ತಿರುಗುಮುರುಗು: 1966ರಿಂದ 1968ರವರೆಗೆ ಎಸ್‌ಎಸ್ 396 ಎಂಬ ದೊಡ್ಡ ಎಂಜಿನ್ನಿನ ಮಾದರಿ ನಂಬರಿನಲ್ಲೇ ಗೊತ್ತಾಗುತ್ತದೆ, 1969ರಿಂದ ಗೊತ್ತಾಗುವುದಿಲ್ಲ. ಅಂಥ ಕಾರಿಗೆ ಕಾಗದ ಬೇಕು. ಪಾಂಟಿಯಾಕ್‌ಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನಿಂದ ಕಾರ್ಖಾನೆಯ ದಾಖಲೆ ಸಿಗುತ್ತದೆ. 1967ರಿಂದ ಈಚಿನ ಫೋರ್ಡ್‌ಗೆ ಅಂಥದೇ ದಾಖಲೆ ‘ಮಾರ್ಟಿ ವರದಿ’. ಕ್ರೈಸ್ಲರ್ ಬಳಗದ ಕಾರುಗಳಲ್ಲಿ ಕಾರ್ಖಾನೆಯ ಕೆಲಸದ ಹಾಳೆ ಹಿಂದಿನ ಸೀಟಿನ ಸ್ಪ್ರಿಂಗ್‌ಗಳ ನಡುವೆ ಮಡಚಿಕೊಂಡು ಉಳಿದಿರುವುದುಂಟು. ನಮ್ಮ ಆರ್‌ಸಿಯಂತೆ ಅಲ್ಲಿ ‘ಟೈಟಲ್’. ಅದರಲ್ಲಿರುವ ನಂಬರ್ ಕಾರಿನ ಮೇಲಿನ ನಂಬರಿಗೆ ಅಕ್ಷರಕ್ಕೆ ಅಕ್ಷರ ತಾಳೆಯಾಗದಿದ್ದರೆ ಕಾರು ಎಷ್ಟೇ ಚೆನ್ನಾಗಿರಲಿ, ಹೊರಡಬೇಡಿ.

ಕಾರಿನ ಮುಂದೆ ನಿಂತಾಗ

ಟಾರ್ಚ್, ಫ್ರಿಜ್ಜಿಗೆ ಅಂಟಿಸುವಂಥ ಚಿಕ್ಕ ಅಯಸ್ಕಾಂತ, ಹಳೆಯ ಸ್ಕ್ರೂಡ್ರೈವರ್, ಮಲಗಲು ರಟ್ಟು, ಒಳ್ಳೆಯ ಜ್ಯಾಕ್ ಮತ್ತು ಸ್ಟ್ಯಾಂಡ್‌ಗಳು, ನೀರು. ಇಷ್ಟು ಸಾಕು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ. ತುಕ್ಕು ಹಿಡಿದ ಕಾರಿನಲ್ಲಿ ಜ್ಯಾಕ್ ಕೊಟ್ಟ ಜಾಗವೇ ಕುಸಿಯಬಹುದು.

ನೀರಿನ ಪರೀಕ್ಷೆಯಿಂದಲೇ ಶುರುಮಾಡಿ. ಮೊದಲ ತಲೆಮಾರಿನ ಮಸ್ಟಾಂಗಿನ ಗಾಜಿನ ಬುಡದಲ್ಲಿ ಎರಡು ತಗಡುಗಳನ್ನು ಸೇರಿಸಿ ಮಾಡಿದ ಒಂದು ದೋಣಿಯಂಥ ಪೊಳ್ಳು ಜಾಗವಿದೆ. ಅದರೊಳಗೆ ಗಾಳಿ ಒಳಬರುವ ಎರಡು ತೂತು. ಮಳೆನೀರು ಒಳಗಿಳಿಯದಿರಲೆಂದು ಅವುಗಳ ಸುತ್ತ ಕಟ್ಟೆಯಂತೆ ಎತ್ತರಿಸಿದ ಅಂಚು. ನೀರು ಎರಡೂ ಪಕ್ಕಕ್ಕೆ ಹರಿದು ಮುಂದಿನ ಚಕ್ರಗಳ ಹಿಂದೆ ನೆಲಕ್ಕಿಳಿಯಬೇಕು. ಐವತ್ತು ವರ್ಷ ಎಲೆ, ಧೂಳು ತುಂಬಿದರೆ ಅಲ್ಲಿ ಕೆಸರು ನಿಲ್ಲುತ್ತದೆ, ಕಟ್ಟೆಯ ಬುಡ ಕರಗುತ್ತದೆ. ಅದನ್ನು ಸರಿಪಡಿಸಲು ಮುಂದಿನ ಮಡ್‌ಗಾರ್ಡ್‌ಗಳನ್ನು ಬಿಚ್ಚಬೇಕು, ಸಾಮಾನ್ಯವಾಗಿ ಗಾಜನ್ನೂ ತೆಗೆಯಬೇಕು, ಮೇಲಿನ ತಗಡಿನ ಚುಕ್ಕೆ ಬೆಸುಗೆಗಳನ್ನು ಒಂದೊಂದಾಗಿ ಕೊರೆದು ಬಿಡಿಸಬೇಕು. ಕೆಳಗಿನ ನೆಲದ ತಗಡನ್ನು ಮಾತ್ರ ಹೊಸದು ಹಾಕಿ ಮಾರುವವರೂ ಇದ್ದಾರೆ. ಮುಂದಿನ ಮಳೆಗಾಲಕ್ಕೆ ಆ ಹೊಸ ನೆಲವೂ ಕೆಂಪಾಗುತ್ತದೆ.

ಇನ್ನು ಕೆಳಗೆ ಮಲಗಿ. ಮಸ್ಟಾಂಗಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ; ಮಡಚಿ ಬೆಸೆದ ತಗಡಿನ ಪೆಟ್ಟಿಗೆಗಳೇ ಮನೆಯ ತೊಲೆಗಳಿದ್ದಂತೆ. ಎಂಜಿನ್ನಿನ ಎರಡೂ ಬದಿಯ ತೊಲೆಗಳು ಕಾಲಿಡುವ ಜಾಗದ ತಗಡಿಗೆ ಸೇರುವ ಕಡೆ, ಸ್ಪ್ರಿಂಗ್ ಕೂರುವ ಗೋಪುರದ ಬುಡ, ಹಿಂದಿನ ಪಟ್ಟಿ ಸ್ಪ್ರಿಂಗಿನ ಮುಂದಿನ ಕೊಂಡಿ, ಇವು ಮುಖ್ಯ. ಬ್ಯಾಟರಿಯ ಕೆಳಗಂತೂ ಟಾರ್ಚ್ ಬಿಟ್ಟು ನೋಡಲೇಬೇಕು. ಆಸಿಡ್ ತೊಟ್ಟಿಕ್ಕಿ ಆ ಬದಿಯ ತೊಲೆ ಟೊಳ್ಳಾಗಿರುವುದು ಬಹಳ ಸಾಮಾನ್ಯ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ರಟ್ಟಿನಂತೆ ಥಪ್ ಎನ್ನುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ, ಎರಡು ತಗಡು ಸೇರುವ ಅಂಚು ಪೂರಿಯಂತೆ ಉಬ್ಬಿದ್ದರೆ ಒಳಗೆ ಕೆಲಸ ಮುಗಿದಿದೆ ಎಂದೇ ಅರ್ಥ. ಅಡಿಭಾಗಕ್ಕೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ನನಗೆ ಅನುಮಾನ ಬರುತ್ತದೆ. ಒಂದು ಕಡೆ ಕೆರೆದು ನೋಡಲು ಒಪ್ಪಿಗೆ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಬೇರೆ ಕಾರುಗಳಲ್ಲಿ ಜಾಗ ಬೇರೆ. 1967ರಿಂದ 69ರ ಷೆವರ್ಲೆ ಕಮಾರೊ ಕಾರಿನಲ್ಲಿ ಮುಂಭಾಗದ ಚೌಕಟ್ಟನ್ನು ಬೋಲ್ಟ್ ಹಾಕಿ ದೇಹಕ್ಕೆ ಬಿಗಿದಿರುತ್ತಾರೆ. ಆ ಬೋಲ್ಟ್ ಹಿಡಿದಿರುವ ತಗಡು ನೋಡಿ. ಹಿಂದಿನ ಗಾಜಿನ ಕೆಳಗಿನ ಕಾಲುವೆ, ಡಿಕ್ಕಿಯ ನೆಲ ಅದರ ಮಾಮೂಲಿ ರೋಗ. ಷೆವೆಲ್, ಜಿಟಿಒಗಳಿಗೆ ಪೂರ್ಣ ಚಾಸಿ ಇದೆ. ಹಿಂದಿನ ಆಕ್ಸಲ್ ಮೇಲೆ ಅದು ಬಾಗಿ ಏರುವ ಕಡೆ ಒಳಗಿನಿಂದ ತಿಂದಿರುತ್ತದೆ. ಕ್ರೈಸ್ಲರ್ ಬಳಗದವುಗಳಲ್ಲಿ ಮುಂದಿನ ಟಾರ್ಷನ್ ಬಾರ್‌ಗಳ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳುಗಳ) ಹಿಂತುದಿ ಹಿಡಿಯುವ ಅಡ್ಡತೊಲೆ ನೋಡಿ. ವಿನೈಲ್ ಹೊದಿಸಿದ ಚಾವಣಿಯಿದ್ದರೆ ಕೈಯಾಡಿಸಿ. ಕೆಳಗೆ ಗುಳ್ಳೆ ಸಿಕ್ಕರೆ ತಗಡು ಹೋಗಿದೆ.

ಈಗ ಬಾಗಿಲು. ಮುಚ್ಚಿ, ಅಂಚಿನ ಸಂದು ನೋಡಿ. ಜ್ಯಾಕ್‌ನಿಂದ ಒಂದು ಬದಿ ಎತ್ತಿ ಮತ್ತೆ ನೋಡಿ. ಮೇಲಿನ ಸಂದು ಕಿರಿದಾಗಿದ್ದರೆ, ಬಾಗಿಲು ತೆಗೆಯಲು ಬಿಗಿಯಾದರೆ, ಕಾರು ನಡುವಿನಲ್ಲಿ ಬಾಗುತ್ತಿದೆ. ತೆರೆದ ಚಾವಣಿಯ ಕಾರಿನಲ್ಲಿ ಈ ಪರೀಕ್ಷೆ ಬಿಡಲೇಬಾರದು.

ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಚಕ್ರದ ಕಮಾನು, ಬಾಗಿಲ ಕೆಳಭಾಗ, ಹಿಂದಿನ ಮಡ್‌ಗಾರ್ಡ್‌ಗಳ ಮೇಲೆ ಜಾರಿಸಿ. ಅಂಟದ ಕಡೆ ಪುಟ್ಟಿ ಇದೆ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಮಾತು ಇಂಥ ತಗಡಿಗೇ ಸರಿ. ಆದರೆ ಚಾವಣಿಯೂ ಹಿಂದಿನ ಮಡ್‌ಗಾರ್ಡೂ ಸೇರುವ ಕಡೆ ಕಾರ್ಖಾನೆಯವರೇ ಸೀಸ ತುಂಬುತ್ತಿದ್ದರು. ಅಲ್ಲಿ ಹಿಡಿತ ಸಡಿಲವಾದರೆ ಯಾರನ್ನೂ ದೂರಬೇಡಿ.

ಎಂಜಿನ್‌ಗೆ ನಾನು ಕಡಿಮೆ ಸಮಯ ಕೊಡುತ್ತೇನೆ. ಸ್ಟಾರ್ಟ್ ಆದರೆ ಸಂತೋಷ. ಆಗದಿದ್ದರೆ ಕ್ರ್ಯಾಂಕಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಅದು ತಿರುಗುತ್ತದೆಯೇ ನೋಡಿ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಸಾಮಾನ್ಯ 289 ಕೆಟ್ಟಿದ್ದರೆ ಬಿಚ್ಚಿ ಕಟ್ಟುವ ಕೈಗಳು ಅಮೆರಿಕದಲ್ಲಿ ಊರೂರಲ್ಲೂ ಇವೆ. ಮೂಲ ಎಂಜಿನ್ ಎಂದು ಹೆಚ್ಚು ಬೆಲೆ ಹೇಳಿದರೆ ಮಾತ್ರ ಬ್ಲಾಕಿನ ಮೇಲಿನ ನಂಬರ್, ಅಚ್ಚಿನ ತಾರೀಖು ತಾಳೆ ನೋಡಬೇಕು.

ಕಾಗದದ ಮೇಲೆ ಲೆಕ್ಕ

ಅಲ್ಲೇ ಬೆಲೆ ಮಾತಾಡಬೇಡಿ. ಮನೆಗೆ ಬಂದು ಎರಡು ಪಟ್ಟಿ ಬರೆಯಿರಿ: ಬೋಲ್ಟ್ ಬಿಚ್ಚಿ ಬದಲಿಸುವವು, ಬೆಸುಗೆ ಬೇಡುವವು. ಮಸ್ಟಾಂಗ್, ಕಮಾರೊಗಳಿಗೆ ನೆಲದ ತಗಡಿನಿಂದ ಹಿಡಿದು ಇಡೀ ದೇಹದ ಹೊಸ ಚಿಪ್ಪಿನವರೆಗೆ ಎಲ್ಲವೂ ತಯಾರಾಗುತ್ತದೆ. ಎಎಂಸಿ ಜ್ಯಾವೆಲಿನ್‌ನಂಥ ಕಾರಿನಲ್ಲಿ ಒಂದು ದೀಪದ ಚೌಕಟ್ಟು ಕಾಣೆಯಾದರೂ ಊರೆಲ್ಲ ಹುಡುಕಬೇಕು, ಆದ್ದರಿಂದ ಏನೇನು ಇಲ್ಲ ಎಂಬುದನ್ನೂ ಬರೆಯಿರಿ. ತಗಡಿನ ಬೆಲೆ ಅಗ್ಗ, ಕೂಲಿ ಅಗ್ಗವಲ್ಲ. ಗಂಟೆಗೆ 100 ಡಾಲರ್ ಎಂದುಕೊಂಡರೂ 400 ಗಂಟೆಯ ಟಿಂಕರಿಂಗ್ ಕೆಲಸಕ್ಕೆ 40,000 ಡಾಲರ್. ಬಣ್ಣ, ಎಂಜಿನ್, ಸೀಟು ಇನ್ನೂ ಬಾಕಿ. ನಿಮಗೇ ಬೆಸುಗೆ ಬಂದರೆ, ಗ್ಯಾರೇಜಿನಲ್ಲಿ ಎರಡು ಮೂರು ವರ್ಷ ಕಳೆಯುವ ಮನಸ್ಸಿದ್ದರೆ ಲೆಕ್ಕ ಬೇರೆ. ಹಾಗಿಲ್ಲದವರಿಗೆ ಆಗಲೇ ಸಿದ್ಧವಾಗಿರುವ ಒಳ್ಳೆಯ ಕಾರು ಕೊಳ್ಳುವುದೇ ಬಹುಪಾಲು ಅಗ್ಗ.

ನನ್ನ ತೀರ್ಮಾನ ಹೀಗಿರುತ್ತದೆ. ತೊಲೆಗಳು, ಗಾಜಿನ ಬುಡ ಗಟ್ಟಿಯಿದ್ದು ನೆಲ, ಮಡ್‌ಗಾರ್ಡ್, ಬಾಗಿಲು ಹೋಗಿದ್ದರೆ ಕೊಳ್ಳಬಹುದು. ತೊಲೆಯೂ ಗಾಜಿನ ಬುಡವೂ ಹೋಗಿದ್ದು ಕಾರು ಸಾದಾ ಆರು ಸಿಲಿಂಡರಿನ ಕೂಪೆಯಾದರೆ ಅದು ಬಿಡಿಭಾಗಗಳಿಗೆ ಮಾತ್ರ. ಅಷ್ಟೇ ಹಾಳಾಗಿದ್ದು, ಕಾಗದ ಸಮೇತ ‘ಕೆ’ ಅಕ್ಷರದ್ದಾದರೆ ಕೂತು ಯೋಚಿಸುವ ಮಾತು. ತಂದೆ ಓಡಿಸುತ್ತಿದ್ದ ಕಾರಾದರೆ ಈ ಯಾವ ಲೆಕ್ಕವೂ ಬೇಡ, ಮಾಡಿಸಿ.

ಓಹಿಯೋದ ಕೆಂಪು ಕಾರಿನ ಎಡತೊಲೆಯಲ್ಲೂ ಸ್ಕ್ರೂಡ್ರೈವರ್ ಒಳಗಿಳಿಯಿತು. ವಾಪಸು ಬರುವಾಗ ಹುಡುಗ ಟೊಲಿಡೊ ದಾಟುವವರೆಗೆ ಮಾತಾಡಲಿಲ್ಲ. ಜೂನ್‌ನಲ್ಲಿ ನ್ಯೂ ಮೆಕ್ಸಿಕೋದ ಒಂದು ಹಿತ್ತಲಲ್ಲಿ ಇನ್ನೊಂದು ಸಿಕ್ಕಿತು: ಅದೇ ವರ್ಷದ್ದು, ಬಿಸಿಲಿಗೆ ಬಣ್ಣ ಹಾರಿ ಬೂದಿಯಾದದ್ದು, ಒಂದು ಮಡ್‌ಗಾರ್ಡ್ ನಜ್ಜುಗುಜ್ಜು, ಎಂಜಿನ್ ಬಿಗಿದುಕೊಂಡದ್ದು. ಈ ಬಾರಿ ನೀರು ಸುರಿದವನು ಅವನೇ. ಎರಡೂ ಚಕ್ರಗಳ ಹಿಂದೆ ಒಣ ಮಣ್ಣಿನ ಮೇಲೆ ಎರಡು ಸಣ್ಣ ಧಾರೆಗಳು ಇಳಿದವು. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸಿದೆ, ಬೆರಳಿಗೆ ಧೂಳು ಬಿಟ್ಟರೆ ಏನೂ ತಗಲಲಿಲ್ಲ. ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಮಾರುವವರನ್ನು ಬೆಲೆ ಕೇಳಿದ.