ಒಕ್ಕದ ವಂಶವೃಕ್ಷಕ್ಕೆ ತಾಯಿಯ ಕಡೆಯನ್ನೂ ಸೇರಿಸಿ: ಆರೋಗ್ಯದ ವಂಶಾವಳಿ ಬರೆಯುವ ಬಗೆ

ಕೊಡಗಿನ ಎಷ್ಟೋ ಮನೆತನಗಳು ತಮ್ಮ ಒಕ್ಕದ, ಅಂದರೆ ಒಂದೇ ಮೂಲಪುರುಷನಿಂದ ಬಂದ ಕುಲದ, ವಂಶವೃಕ್ಷವನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿವೆ. ಆದರೆ ಅದು ತಂದೆಯಿಂದ ಮಗನಿಗೆ ಸಾಗುವ ಪಟ್ಟಿಯಾದ್ದರಿಂದ ವೈದ್ಯರಿಗೆ ಅದರಿಂದ ಅರ್ಧ ಉತ್ತರವಷ್ಟೇ ಸಿಗುತ್ತದೆ. ವಂಶವಾಹಿಗಳು ತಾಯಿ, ತಂದೆ ಇಬ್ಬರಿಂದಲೂ ಬರುವ ಕಾರಣ, ತಾಯಿಯ ತವರನ್ನೂ ಅಜ್ಜಿಯಂದಿರ ತವರನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಬೇಕು.

ದೊಡ್ಡ ಹಾಳೆಯಲ್ಲಿ ಕನಿಷ್ಠ 3 ತಲೆಮಾರು ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರ ಗುರುತನ್ನು ತುಂಬಿ, ತೀರಿಕೊಂಡವರದ್ದಕ್ಕೆ ಓರೆಗೆರೆ ಎಳೆಯಿರಿ. ರಕ್ತಸಂಬಂಧದೊಳಗಿನ ಮದುವೆಯನ್ನು ಜೋಡಿಗೆರೆಯಿಂದ ತೋರಿಸಿ. ಸುಗ್ಗಿ ಹಬ್ಬವಾದ ಪುತ್ತರಿಗೆ ಎಲ್ಲರೂ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಹಿರಿಯರನ್ನು ವಿಚಾರಿಸಬಹುದು. ಹೊರಗಿನಿಂದ ಮದುವೆಯಾಗಿ ಬಂದ ಅಜ್ಜಿಯಂದಿರನ್ನು ಮೊದಲು ಕೇಳಿ. ರೋಗದ ಹೆಸರಿನ ಜೊತೆಗೆ ಅದು ಯಾವ ವಯಸ್ಸಿನಲ್ಲಿ ಕಾಣಿಸಿತು ಎಂಬುದೂ ಬಹಳ ಉಪಯುಕ್ತ. ಶೈಶವದಲ್ಲೇ ತೀರಿಕೊಂಡ ಮಕ್ಕಳನ್ನು ಬಿಡಬೇಡಿ.

ಸೋದರಮಾವಂದಿರ ಬಗ್ಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಮಲೇರಿಯಾ ಮಾತ್ರೆ ನುಂಗಿದ ಮೇಲೆ ಯಾರಿಗಾದರೂ ಮೂತ್ರ ಕಪ್ಪಾಗಿ, ಕಣ್ಣು ಹಳದಿಯಾಗಿತ್ತೇ? ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಲ್ಲಿ ಪ್ರೈಮಾಕ್ವಿನ್‌ನಂತಹ ಔಷಧಿಯಿಂದ ಕೆಂಪು ರಕ್ತಕಣಗಳು ಒಡೆಯುತ್ತವೆ. ಈ ಕಿಣ್ವದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದ್ದು, ಗಂಡುಮಗನಿಗೆ ಅದು ತಾಯಿಯಿಂದ ಮಾತ್ರ ಬರುವುದರಿಂದ, ಒಕ್ಕದ ಪಟ್ಟಿಯನ್ನು ಎಷ್ಟು ತಲೆಮಾರು ಹಿಂದಕ್ಕೆ ಓದಿದರೂ ಸೋದರಮಾವನಿಂದ ದೊರೆಯುವ ಈ ಸುಳಿವು ಸಿಗುವುದಿಲ್ಲ. ಕಣಗಳು ಒಡೆದ ಕೂಡಲೇ ಮಾಡಿದ ಪರೀಕ್ಷೆಯಲ್ಲಿ ಕೊರತೆ ಕಾಣದೆ ಹೋಗಬಹುದು. ಸುಮಾರು 3 ತಿಂಗಳ ನಂತರ ಮತ್ತೆ ಮಾಡಿಸುವುದು ಒಳ್ಳೆಯದು.

ಇಂಥ ಕೊರತೆ ಉಳಿದು ಬಂದದ್ದೇಕೆ? ಅದು ತೀವ್ರ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಕೊಡುತ್ತದೆ. ಮಲೇರಿಯಾ ತಲೆತಲಾಂತರ ಕಾಡಿದ ನಾಡುಗಳಲ್ಲಿ ನಿಸರ್ಗದ ಆಯ್ಕೆ ಅದನ್ನು ಉಳಿಸಿತು. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ರಕ್ತಹೀನತೆಯ ಕಥೆಯೂ ಅದೇ. ಆ ವಂಶವಾಹಿಯ ಒಂದೇ ಪ್ರತಿಯಿದ್ದವರು ವಾಹಕರು, ಬಹುಮಟ್ಟಿಗೆ ಆರೋಗ್ಯವಂತರು. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಭಾರತದಲ್ಲಿ ಇದು 1952ರಲ್ಲಿ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಮೊದಲು ಗುರುತಾಯಿತು. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಡಿ ಬುಡಕಟ್ಟು ಪ್ರದೇಶಗಳಲ್ಲಿ ತಪಾಸಣೆ ನಡೆಯುತ್ತಿದೆ. ಹಾಡಿಗಳ (ಬುಡಕಟ್ಟು ಜನವಸತಿಗಳ) ಕುಟುಂಬಗಳು ಮದುವೆಗೆ ಮುನ್ನವೇ ಈ ಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶವನ್ನು ವಂಶಾವಳಿಯಲ್ಲಿ ಗುರುತಿಸಿಡಬೇಕು.

ಹಾಗೆಂದು ಹಾಳೆಯಲ್ಲಿ ಜಾತಿಯ ಹೆಸರು ಬರೆದು ಅದನ್ನೇ ರೋಗದ ಸೂಚನೆಯೆಂದು ತಿಳಿಯುವುದು ತಪ್ಪು. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಸುಮಾರು ಶೇ. 99.9ರಷ್ಟು ಒಂದೇ, ಉಳಿದ ವ್ಯತ್ಯಾಸದಲ್ಲೂ ಬಹುಪಾಲು ಒಂದೊಂದು ಸಮುದಾಯದ ಒಳಗೇ ಇರುತ್ತದೆ. ಜಾತಿಯ ಬದಲು ಹಿರಿಯರ ಊರು, ಅವರಿಗಾದ ಕಾಯಿಲೆ, ಪರೀಕ್ಷೆಯ ಫಲಿತಾಂಶಗಳನ್ನು ಬರೆಯಿರಿ. ವೈದ್ಯರಿಗೆ ಒಂದು ಪ್ರತಿ ಕೊಟ್ಟು, ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ.